ನೆಟ್ ಹೋದಾಗ ರೀಸೆಟ್ ಬಟನ್ ಮುಟ್ಟಬೇಡಿ

ಮೊದಲೇ ಹೇಳಿಬಿಡುತ್ತೇನೆ. ಮನೆಯ ಕಂಪ್ಯೂಟರಿಗೆ ನೆಟ್ ಬರದೇ ಹೋದಾಗ ಫೈಬರ್ ಬಾಕ್ಸಿನ (ನೆಟ್ ಕಂಪನಿಯವರು ಕೂರಿಸಿದ ರೂಟರ್) ಹಿಂದೆ ಪಿನ್ ಹೋಗುವಷ್ಟು ಸಣ್ಣ ತೂತು ಇರುತ್ತದಲ್ಲ, ಪಕ್ಕದಲ್ಲಿ ರೀಸೆಟ್ ಅಂತ ಬರೆದಿರುತ್ತದೆ, ಅದನ್ನು ಮುಟ್ಟಬೇಡಿ. ಸ್ವಿಚ್ ಆಫ್ ಮಾಡಿ ಆನ್ ಮಾಡುವುದು ಬೇರೆ, ರೀಸೆಟ್ ಮಾಡುವುದು ಬೇರೆ. ಆಫ್ ಮಾಡಿ ಆನ್ ಮಾಡಿದರೆ ಏನೂ ಕಳೆದುಹೋಗುವುದಿಲ್ಲ. ರೀಸೆಟ್ ತೂತಿಗೆ ಪಿನ್ ಹಾಕಿ ಒತ್ತಿ ಹಿಡಿದರೆ ಬಾಕ್ಸಿನೊಳಗೆ ಹಾಕಿಟ್ಟಿದ್ದ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಹೋದರೆ ಹೋಗಲಿ, ಅದನ್ನು ಮತ್ತೆ ಹಾಕಬಹುದು. ಆದರೆ ಪಿಪಿಪಿಒಇ (PPPoE) ಅಂತ ಒಂದು ಲಾಗಿನ್ ಇರುತ್ತದೆ, ಬಾಕ್ಸ್ ಕಂಪನಿಯ ನೆಟ್ಟಿಗೆ ಒಳಹೋಗುವುದು ಅದರಿಂದಲೇ. ಅದರ ಯೂಸರ್‌ನೇಮ್, ಪಾಸ್‌ವರ್ಡ್, ಜೊತೆಗೆ ಲೈನಿಗೆ ಕಂಪನಿ ಕೊಟ್ಟ ವಿಲಾನ್ (VLAN) ನಂಬರ್. ಅದು ಹೋದರೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಕೆಲವು ಕಂಪನಿಗಳು ದೂರದಿಂದಲೇ ಅದನ್ನು ಮತ್ತೆ ತುಂಬಿಸುತ್ತವೆ. ಊರ ಕಡೆ ಕೇಬಲ್ ಆಪರೇಟರ್ ಮೂಲಕ ಬಂದ ಲೈನ್ ಆದರೆ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೇ ಬರಬೇಕು. ಮಳೆಗಾಲದಲ್ಲಿ ಅವನು ಯಾವಾಗ ಬರುತ್ತಾನೋ!

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಫೈಬರ್ ತಂತಿ ಕಂಬದಿಂದ ಕಂಬಕ್ಕೆ, ಅಲ್ಲಿಂದ ತೋಟದ ಅಂಚಿನಲ್ಲಿ ಮರದಿಂದ ಮರಕ್ಕೆ ಬರುತ್ತದೆ. ಹೋದ ಮಳೆಗಾಲ ಮೇಲಿನ ಮನೆ ಮೇಷ್ಟ್ರಿಗೆ ಇದೇ ಆಯಿತು. ಗಾಳಿಗೆ ಮರ ಬಿದ್ದು ರಸ್ತೆ ಬದಿಯ ತಂತಿ ಕಡಿದಿತ್ತು. ಇಡೀ ಕೇರಿಗೆ ನೆಟ್ ಇರಲಿಲ್ಲ. ಯಾರೋ ಫೋನಿನಲ್ಲಿ "ರೀಸೆಟ್ ಮಾಡಿ ಮೇಷ್ಟ್ರೇ, ಸರಿ ಹೋಗ್ತದೆ" ಅಂದರಂತೆ. ಅವರು ಮಾಡಿದರು. ಸಂಜೆ ಲೈನಿನವರು ಬಂದು ತಂತಿ ಜೋಡಿಸಿ ಹೋದರು, ಎಲ್ಲರ ಮನೆಗೂ ನೆಟ್ ಬಂತು, ಮೇಷ್ಟ್ರ ಮನೆಗೆ ಮಾತ್ರ ಬರಲಿಲ್ಲ. ತೊಂದರೆ ಇದ್ದದ್ದು ರಸ್ತೆಯಲ್ಲಿ, ಕೆಟ್ಟದ್ದು ಮನೆಯೊಳಗೆ. ಅವರ ಬಾಕ್ಸಿಗೆ ಮತ್ತೆ ಲಾಗಿನ್ ಹಾಕಿಸುವಷ್ಟರಲ್ಲಿ ಸಾಕು ಸಾಕಾಯಿತು. ಅದಕ್ಕೇ ಇದನ್ನೆಲ್ಲ ಒಂದು ಕಡೆ ಬರೆದಿಡೋಣ ಅನ್ನಿಸಿತು.

ಏನನ್ನೂ ಒತ್ತುವ ಮೊದಲು ಎಲ್ಲಿ ಕಡಿದಿದೆ ಅಂತ ನೋಡಬೇಕು. ಕಂಬದಿಂದ ಬಾಕ್ಸಿನವರೆಗೆ ಒಂದು ದಾರಿ. ಬಾಕ್ಸಿನಿಂದ ಕಂಪ್ಯೂಟರಿನವರೆಗೆ ಇನ್ನೊಂದು. ಕಂಪ್ಯೂಟರಿನ ಒಳಗೇ ಮತ್ತೊಂದಿಷ್ಟು. ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ತಿಳಿಯಲು ಸುಲಭದ ದಾರಿ ನಿಮ್ಮ ಮೊಬೈಲ್. ಮನೆಯ ವೈಫೈಗೆ ಹಾಕಿ, ಮೊಬೈಲ್ ಡೇಟಾ ಆಫ್ ಮಾಡಿ, ಆಮೇಲೆ ಯಾವುದಾದರೂ ಹೊಸ ಪುಟ ತೆರೆದು ನೋಡಿ. ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ. ವೈಫೈಯಲ್ಲಿ ನೆಟ್ ಇಲ್ಲ ಅಂತ ಗೊತ್ತಾದ ತಕ್ಷಣ ಈಗಿನ ಫೋನುಗಳು ಸದ್ದಿಲ್ಲದೆ ಸಿಮ್ಮಿನ ಡೇಟಾಗೆ ಹೋಗಿಬಿಡುತ್ತವೆ, ನೀವು "ಫೋನಿಗೆ ಬರ್ತಿದೆ, ಕಂಪ್ಯೂಟರ್ ಹಾಳಾಗಿದೆ" ಅಂದುಕೊಳ್ಳುತ್ತೀರಿ. ಡೇಟಾ ಆಫ್ ಇದ್ದಾಗಲೂ ಫೋನಿಗೆ ನೆಟ್ ಬಂದರೆ ಬಾಕ್ಸಿನವರೆಗೆ ಎಲ್ಲ ಸರಿ ಇದೆ, ತೊಂದರೆ ಕಂಪ್ಯೂಟರಿನ ಕಡೆ. ಫೋನಿಗೂ ಬರದಿದ್ದರೆ ಕಂಪ್ಯೂಟರನ್ನು ಬಿಟ್ಟು ಬಾಕ್ಸಿನ ಹತ್ತಿರ ಹೋಗಿ.

ಬಾಕ್ಸಿನ ಮುಂದೆ ಬಗ್ಗಿ ಕೂತು ಲೈಟುಗಳನ್ನು ಸರಿಯಾಗಿ ನೋಡಿ. ಪವರ್, ಪಾನ್ (PON), ಲಾಸ್ (LOS), ಇಂಟರ್‌ನೆಟ್, ಲ್ಯಾನ್, ವೈಫೈ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಪಾನ್ ಹಸಿರಾಗಿ ನಿಂತಿರಬೇಕು. ಲಾಸ್ ಉರಿಯಲೇಬಾರದು. ಲಾಸ್ ಕೆಂಪಗೆ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ, ಅಥವಾ ತೀರಾ ಕಡಿಮೆ ಬರುತ್ತಿದೆ ಅಂತ ಅರ್ಥ. ಆಗ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಉಪಯೋಗ ಇಲ್ಲ. ಪಾನ್ ಮಿನುಗುತ್ತಲೇ ಇದ್ದರೆ ಬೆಳಕು ಬರುತ್ತಿದೆ, ಆದರೆ ಆ ಕಡೆಯ ಯಂತ್ರದ ಜೊತೆ ಬಾಕ್ಸಿನ ನೋಂದಣಿ ಆಗುತ್ತಿಲ್ಲ. ಪಾನ್ ಸರಿ ಇದ್ದು, ಲಾಸ್ ಆರಿದ್ದು, ಇಂಟರ್‌ನೆಟ್ ಲೈಟ್ ಮಾತ್ರ ಕೆಂಪಾಗಿದ್ದರೆ ಅಥವಾ ಉರಿಯದಿದ್ದರೆ ತಂತಿ ಚೆನ್ನಾಗಿಯೇ ಇದೆ, ಲಾಗಿನ್ ಆಗಿಲ್ಲ. ಇದಕ್ಕೆ ಕಾರಣ ಬಹಳ ಸಲ ತೀರಾ ಸರಳ. ಪ್ಲಾನ್ ಮುಗಿದಿರುತ್ತದೆ. ಆಪಿನಲ್ಲೋ ಮೆಸೇಜಿನಲ್ಲೋ ಕೊನೆಯ ತಾರೀಕು ಒಮ್ಮೆ ನೋಡಿಬಿಡಿ.

ಲಾಸ್ ಕೆಂಪಾಗಿದ್ದರೆ ಮನೆಯೊಳಗೆ ನೀವು ಮಾಡಬಹುದಾದದ್ದು ಒಂದೇ. ಬಾಕ್ಸಿನಿಂದ ಹೊರಡುವ ಆ ಸಪೂರ ಹಳದಿ ಅಥವಾ ಬಿಳಿ ತಂತಿ ಎಲ್ಲೆಲ್ಲಿ ಹೋಗುತ್ತದೆ ಅಂತ ಕಣ್ಣಲ್ಲೇ ಹಿಂಬಾಲಿಸಿ. ಟೇಬಲ್ಲಿನ ಕಾಲು ಅದರ ಮೇಲೆ ಕೂತಿದೆಯಾ? ಬೀರುವಿನ ಹಿಂದೆ ಒತ್ತಿಕೊಂಡಿದೆಯಾ? ಗುಡಿಸುವಾಗ ಎಳೆದು ಮೂಲೆಯಲ್ಲಿ ಮಡಚಿಕೊಂಡಿದೆಯಾ? ಒಳಗಿರುವುದು ಗಾಜಿನ ಎಳೆ. ಅದರಲ್ಲಿ ಬೆಳಕು ಸಾಗುವ ನಡುಭಾಗ ಸುಮಾರು 9 ಮೈಕ್ರಾನ್ ಅಷ್ಟೇ, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಕರೆಂಟಿನ ವೈರನ್ನು ಮಡಚಿದರೂ ಕರೆಂಟ್ ಹರಿಯುತ್ತದೆ. ಇದನ್ನು ಚೂಪಾಗಿ ಮಡಚಿದರೆ ಎಳೆ ಮುರಿಯದಿದ್ದರೂ ಬೆಳಕು ಆ ತಿರುವಿನಲ್ಲಿ ಹೊರಗೆ ಸೋರಿಹೋಗುತ್ತದೆ. ಮಡಿಕೆ ಬಿಡಿಸಿ, ದೊಡ್ಡ ಸುತ್ತಾಗಿ ಬಿಟ್ಟರೆ ಕೆಲವು ಸಲ ಅಷ್ಟಕ್ಕೇ ಲಾಸ್ ಆರಿಬಿಡುತ್ತದೆ.

ಆ ತಂತಿಯ ತುದಿಯಲ್ಲಿ ಸಾಮಾನ್ಯವಾಗಿ ಹಸಿರು ಅಥವಾ ನೀಲಿ ಬಣ್ಣದ ಚೌಕ ಕನೆಕ್ಟರ್ ಇರುತ್ತದೆ. ಅದನ್ನು ಸುಮ್ನೆ ತೆಗೆದು, ಬನಿಯನ್ನಿಗೆ ಒರೆಸಿ, ಊದಿ, ಮತ್ತೆ ಹಾಕುವವರು ಇದ್ದಾರೆ. ದಯವಿಟ್ಟು ಬೇಡ. ಒಂದು ಧೂಳಿನ ಕಣ ಅಂಟಿದರೂ ಸಾಕು, ಇದ್ದದ್ದೂ ಹಾಳಾಗುತ್ತದೆ. ಬೆಳಕು ಬರುತ್ತಿದೆಯಾ ಅಂತ ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದಂತೂ ಬೇಡವೇ ಬೇಡ. ಅದರಲ್ಲಿ ಬರುವುದು 1490 ನ್ಯಾನೋಮೀಟರಿನ ಲೇಸರ್, ಕಣ್ಣಿಗೆ ಕಾಣುವಂಥದ್ದಲ್ಲ. ಕಾಣುವುದಿಲ್ಲ ಅಂದಮಾತ್ರಕ್ಕೆ ಅದು ಇಲ್ಲ ಅಂತಲ್ಲ. ಮಕ್ಕಳಿರುವ ಮನೆಯಲ್ಲಿ ಈ ಮಾತು ಹೇಳಿಟ್ಟಿರಿ.

ನೆಟ್ ಪೂರ್ತಿ ಹೋಗದೆ ಬಂದು ಬಂದು ಹೋಗುತ್ತಿದ್ದರೆ ಇನ್ನೊಂದು ವಿಷಯ ನೋಡಬೇಕು. ಬ್ರೌಸರಿನಲ್ಲಿ 192.168.1.1 ಅಂತ ಹೊಡೆದರೆ ಸಾಮಾನ್ಯವಾಗಿ ಬಾಕ್ಸಿನ ಪುಟ ತೆರೆಯುತ್ತದೆ. ಲಾಗಿನ್ ವಿವರ ಬಾಕ್ಸಿನ ತಳದ ಸ್ಟಿಕ್ಕರಿನಲ್ಲಿರುತ್ತದೆ. ಒಳಗೆ ಪಾನ್ ಅಥವಾ ಆಪ್ಟಿಕಲ್ ಅನ್ನುವ ಕಡೆ ಆರ್‌ಎಕ್ಸ್ ಪವರ್ (RX Power) ಅಂತ ಒಂದು ಸಂಖ್ಯೆ ಇರುತ್ತದೆ, ಮೈನಸ್ಸಿನಲ್ಲಿ. ಬಾಕ್ಸಿಗೆ ಎಷ್ಟು ಬೆಳಕು ತಲುಪುತ್ತಿದೆ ಅನ್ನುವ ಅಳತೆ ಅದು. ಮೈನಸ್ 20ರ ಆಸುಪಾಸು ಇದ್ದರೆ ಆರಾಮ. ಮೈನಸ್ 27ರ ಹತ್ತಿರ ಹೋದರೆ ಬಾಕ್ಸಿಗೆ ಕಷ್ಟ. ಇದರ ಲೆಕ್ಕ ಮಾಮೂಲಿ ಲೆಕ್ಕ ಅಲ್ಲ, 3 ಡಿಬಿ (ಡೆಸಿಬೆಲ್) ಇಳಿಯಿತು ಅಂದರೆ ಬೆಳಕು ಅರ್ಧಕ್ಕೆ ಇಳಿಯಿತು ಅಂತ. ಹಾಗಾಗಿ ಮೈನಸ್ 21 ಇದ್ದದ್ದು 27 ಆದರೆ ಕಾಲು ಭಾಗ ಬೆಳಕು ಮಾತ್ರ ಉಳಿದಿದೆ. ನೆಟ್ ಚೆನ್ನಾಗಿ ಬರುತ್ತಿರುವ ದಿನವೇ ಈ ಸಂಖ್ಯೆ ಬರೆದಿಟ್ಟುಕೊಳ್ಳಿ. ಮಳೆ ಬಂದಾಗಲೆಲ್ಲ ಅದು ಇಳಿಯುತ್ತಿದ್ದರೆ ಕಂಬದ ಮೇಲಿನ ಜಾಯಿಂಟ್ ಪೆಟ್ಟಿಗೆ ಮೇಲೆ ಅನುಮಾನ ಪಡಬಹುದು, ನೀರು ಹೊಕ್ಕಿರಬಹುದು. ಫೋನ್ ಮಾಡಿ "ನೆಟ್ ಸ್ಲೋ ಇದೆ" ಅನ್ನುವುದಕ್ಕೂ "ಲೆವೆಲ್ 21 ಇದ್ದದ್ದು ಈಗ 27 ತೋರಿಸ್ತಿದೆ, ಮಳೆ ನಿಂತ ಮೇಲೆ ಸರಿ ಆಗ್ತದೆ" ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಎರಡನೆಯದನ್ನು ಕೇಳಿದ ಲೈನ್‌ಮನ್ ಏಣಿ ತರುತ್ತಾನೆ, ಮೊದಲನೆಯದನ್ನು ಕೇಳಿದವನು ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾನೆ.

ಕರೆಂಟಿನ ವಿಷಯಕ್ಕೂ ಬರಬೇಕು. ನಮ್ಮ ಕಡೆ ದಿನಕ್ಕೆ ಹಲವು ಸಲ ಕರೆಂಟ್ ಹೋಗಿ ಬರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಅದು ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲಿ ಬಾಕ್ಸ್ ಆರಿ ಮತ್ತೆ ಶುರುವಾಗುತ್ತದೆ, ಪೂರ್ತಿ ಎದ್ದು ಲಾಗಿನ್ ಆಗಲು ಒಂದೆರಡು ನಿಮಿಷ ಬೇಕು. ಮೀಟಿಂಗಿನ ಮಧ್ಯೆ ಹೀಗಾದರೆ ಎಷ್ಟು ಹಿಂಸೆ ಅಲ್ವಾ. ಬಹಳಷ್ಟು ಇನ್ವರ್ಟರುಗಳ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದರಲ್ಲಿಟ್ಟರೆ ಬೇಗ ಬದಲಾಗುತ್ತದೆ. ಇಲ್ಲದಿದ್ದರೆ ರೂಟರಿಗೆಂದೇ ಸಣ್ಣ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ಬಾಕ್ಸಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಬರೆದಿದೆ ನೋಡಿಕೊಳ್ಳಿ. ಹೆಚ್ಚಿನವು 12 ವೋಲ್ಟ್, ಆದರೆ 9 ವೋಲ್ಟಿನವೂ 5 ವೋಲ್ಟಿನವೂ ಇವೆ.

ಗುಡುಗು ಸಿಡಿಲಿಗೆ ಮಾತ್ರ ಯುಪಿಎಸ್ ಉತ್ತರ ಅಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡಿ, ಕಂಪ್ಯೂಟರಿಗೆ ಹೋಗುವ ಲ್ಯಾನ್ ವೈರನ್ನೂ ಕಿತ್ತಿಡಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಹಳೆಯ ಟೆಲಿಫೋನ್ ತಂತಿಯ ಕಾಲಕ್ಕಿಂತ ಈಗ ವಾಸಿ. ಆದರೆ ಗೋಡೆಯ ಪ್ಲಗ್ಗಿನಿಂದ ಬಂದ ಏಟು ಅಡಾಪ್ಟರ್ ದಾಟಿ ಬಾಕ್ಸಿಗೆ, ಅಲ್ಲಿಂದ ಲ್ಯಾನ್ ವೈರಿನಲ್ಲಿ ಕಂಪ್ಯೂಟರಿಗೆ ಹೋಗುತ್ತದೆ. ಸಿಡಿಲಿನ ಮಾರನೇ ದಿನ ವೈಫೈ ಬರುತ್ತಿದೆ, ವೈರಿನಲ್ಲಿ ಮಾತ್ರ ಬರುತ್ತಿಲ್ಲ ಅಂದರೆ ಲ್ಯಾನ್ ಪೋರ್ಟ್ ಸುಟ್ಟಿರಬಹುದು. ವೈರನ್ನು ಬಾಕ್ಸಿನ ಪಕ್ಕದ ಪೋರ್ಟಿಗೆ ಹಾಕಿ ನೋಡಿ. ಅದರಲ್ಲೂ ಬರದಿದ್ದರೆ, ಬೇರೆ ಲ್ಯಾಪ್‌ಟಾಪಿಗೆ ಅದೇ ವೈರ್ ಹಾಕಿದಾಗ ಬಂದರೆ, ಸುಟ್ಟಿರುವುದು ನಿಮ್ಮ ಕಂಪ್ಯೂಟರಿನ ಪೋರ್ಟ್. ಇಡೀ ಮದರ್‌ಬೋರ್ಡ್ ಬದಲಿಸಬೇಕು ಅಂತ ಅಂಗಡಿಯಲ್ಲಿ ಹೇಳಿದರೆ ಒಪ್ಪಬೇಡಿ. ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್ ಸಿಗುತ್ತದೆ, ಕಡಿಮೆ ದುಡ್ಡಿನಲ್ಲಿ ಕೆಲಸ ಆಗುತ್ತದೆ.

ಲ್ಯಾನ್ ವೈರಿನದ್ದೇ ತೊಂದರೆ ಇರುವುದೂ ಜಾಸ್ತಿ. ತುದಿಯ ಪ್ಲಗ್ಗಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ, ಹಾಕುವಾಗ ಟಕ್ ಅನ್ನಬೇಕು. ಅದು ಮುರಿದಿದ್ದರೆ ಪ್ಲಗ್ ನೋಡಲು ಸರಿಯಾಗಿ ಕೂತ ಹಾಗೆ ಕಾಣುತ್ತದೆ, ಕಾಲು ತಾಗಿದರೆ ಸಂಪರ್ಕ ಹೋಗುತ್ತದೆ. ಕಂಪ್ಯೂಟರ್ ಕಡೆಯ ಪೋರ್ಟಿನ ಪಕ್ಕ ಸಣ್ಣ ಲೈಟ್ ಇದ್ದರೆ ಅದು ಉರಿಯುತ್ತಿದೆಯಾ ನೋಡಿ. ವೈರಿನೊಳಗೆ 8 ತಂತಿಗಳಿರುತ್ತವೆ. 100 ಎಂಬಿಪಿಎಸ್ಸಿಗೆ ಅದರಲ್ಲಿ 4 ಸಾಕು, ಗಿಗಾಬಿಟ್ಟಿಗೆ 8 ಕೂಡ ಬೇಕು. 300 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡು, ವೈರಿನಲ್ಲಿ ಏನು ಮಾಡಿದರೂ 95ರ ಹತ್ತಿರವೇ ನಿಲ್ಲುತ್ತಿದೆ ಅಂದರೆ ಯಾವುದೋ ಒಂದು ತಂತಿ ಇಲಿ ಕಡಿದೋ ಪ್ಲಗ್ಗಿನೊಳಗೆ ಸರಿಯಾಗಿ ಕೂರದೆಯೋ ಸತ್ತಿರಬಹುದು. ಬಾಕ್ಸಿನ ಅಥವಾ ಕಂಪ್ಯೂಟರಿನ ಪೋರ್ಟೇ 100ರದ್ದಾಗಿದ್ದರೂ ಹೀಗೇ ಆಗುತ್ತದೆ. ಕಂಪನಿಗೆ ಬೈಯುವ ಮೊದಲು ವೈರ್ ಬದಲಿಸಿ ನೋಡಿ.

ವೈಫೈಯಲ್ಲಿ ಕೆಲಸ ಮಾಡುವವರಿಗೆ ಹೆಚ್ಚು ಹೇಳುವುದಿಲ್ಲ. ಬಾಕ್ಸಿನ ವೈಫೈ ಸಾಮಾನ್ಯವಾಗಿ ಎರಡು ತರಂಗಗಳಲ್ಲಿ ಬರುತ್ತದೆ. 5 ಗಿಗಾಹರ್ಟ್ಸಿನದಕ್ಕೆ ವೇಗ ಜಾಸ್ತಿ, ಆದರೆ ಕಲ್ಲಿನ ಗೋಡೆ, ಮಣ್ಣಿನ ದಪ್ಪ ಗೋಡೆ ದಾಟುವುದು ಅದಕ್ಕೆ ಕಷ್ಟ. 2.4 ಗಿಗಾಹರ್ಟ್ಸಿನದು ದೂರ ಹೋಗುತ್ತದೆ, ನಿಧಾನ. ಹಳೇ ಮನೆಗಳಲ್ಲಿ ಜಗಲಿಯಲ್ಲಿ ಬಾಕ್ಸ್ ಇಟ್ಟು ಒಳಕೋಣೆಯಲ್ಲಿ 5 ಬರಲಿ ಅಂದರೆ ಬರುವುದಿಲ್ಲ. ಒಂದು ಮಾತು ಮಾತ್ರ ಡೆಸ್ಕ್‌ಟಾಪ್ ಇರುವವರಿಗೆ. ಯುಎಸ್‌ಬಿ ವೈಫೈ ಡಾಂಗಲ್ಲನ್ನು ಕ್ಯಾಬಿನೆಟ್ಟಿನ ಹಿಂದೆ ಚುಚ್ಚಿದರೆ ಒಂದು ಕಡೆ ತಗಡು, ಇನ್ನೊಂದು ಕಡೆ ಗೋಡೆ. ಜೊತೆಗೆ ಯುಎಸ್‌ಬಿ 3.0 ಪೋರ್ಟಿನಿಂದ ಹೊರಡುವ ಗದ್ದಲ 2.4 ಗಿಗಾಹರ್ಟ್ಸಿಗೆ ಅಡ್ಡಿ ಮಾಡುತ್ತದೆ, 2012ರಲ್ಲೇ ಇಂಟೆಲ್ ಇದನ್ನು ಅಳೆದು ಬರೆದಿದೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲ್ಲನ್ನು ಟೇಬಲ್ ಮೇಲಕ್ಕೆ ತನ್ನಿ. ವ್ಯತ್ಯಾಸ ಆಗಲೇ ಗೊತ್ತಾಗುತ್ತದೆ.

ಇನ್ನು ಕಂಪ್ಯೂಟರಿನ ಒಳಗೆ. ವಿಂಡೋಸ್ ಆದರೆ ಸ್ಟಾರ್ಟಿನಲ್ಲಿ ಸಿಎಂಡಿ (cmd) ಅಂತ ಹೊಡೆದು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಐಪಿಕಾನ್ಫಿಗ್ (ipconfig) ಅಂತ ಹೊಡೆಯಿರಿ. ಐಪಿವಿ4 ಅಡ್ರೆಸ್ ಅನ್ನುವ ಸಾಲು ನೋಡಿ. ಅದು 169.254 ಅಂತ ಶುರುವಾಗಿದ್ದರೆ ಬಾಕ್ಸಿನಿಂದ ಕಂಪ್ಯೂಟರಿಗೆ ನಂಬರೇ ಸಿಕ್ಕಿಲ್ಲ, ಕಾದು ಕಾದು ತಾನೇ ಒಂದು ಹಾಕಿಕೊಂಡಿದೆ. ವೈರ್, ವೈಫೈ, ಬಾಕ್ಸ್, ಈ ಕಡೆಯೇ ನೋಡಬೇಕು. 192.168 ಅಂತ ಇದ್ದರೆ ಒಳ್ಳೆಯದು. ಕೆಳಗೆ ಡೀಫಾಲ್ಟ್ ಗೇಟ್‌ವೇ ಅಂತ ಒಂದು ನಂಬರ್ ಇರುತ್ತದೆ, ಅದು ನಿಮ್ಮ ಬಾಕ್ಸಿನ ವಿಳಾಸ. ಪಿಂಗ್ (ping) ಅಂತ ಬರೆದು, ಜಾಗ ಬಿಟ್ಟು, ಆ ನಂಬರ್ ಹೊಡೆಯಿರಿ. ಉತ್ತರ ಬಂದರೆ ಬಾಕ್ಸಿನವರೆಗೆ ದಾರಿ ಇದೆ. ಆಮೇಲೆ ಪಿಂಗ್ 8.8.8.8 ಮಾಡಿ. ಉತ್ತರ ಬಂದರೆ ಹೊರಗಿನ ಪ್ರಪಂಚದವರೆಗೂ ದಾರಿ ಇದೆ. ಇಷ್ಟಾದರೂ ಯಾವ ಸೈಟೂ ತೆರೆಯುತ್ತಿಲ್ಲ ಅಂದರೆ ಡಿಎನ್‌ಎಸ್ ಮೇಲೆ ಕಣ್ಣಿಡಿ.

ಡಿಎನ್‌ಎಸ್ ಅಂದರೆ ಫೋನಿನ ಕಾಂಟ್ಯಾಕ್ಟ್ ಪಟ್ಟಿ ಇದ್ದ ಹಾಗೆ. ನಾವು ಹೆಸರು ಹೇಳುತ್ತೇವೆ, ಅದು ನಂಬರ್ ಹುಡುಕಿಕೊಡುತ್ತದೆ. ಕಂಪನಿಯ ಡಿಎನ್‌ಎಸ್ ಕೈಕೊಟ್ಟರೆ ಲೈನ್ ಚೆನ್ನಾಗಿದ್ದರೂ ಒಂದು ಪುಟವೂ ತೆರೆಯುವುದಿಲ್ಲ. ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ಡಿಎನ್‌ಎಸ್ ಅನ್ನು ಮ್ಯಾನ್ಯುವಲ್ ಮಾಡಿ, 8.8.8.8 ಅಥವಾ 1.1.1.1 ಹಾಕಿ. ಮೊದಲನೆಯದು ಗೂಗಲ್‌ನದು, 2009ರಿಂದ ಇದೆ. ಎರಡನೆಯದು ಕ್ಲೌಡ್‌ಫ್ಲೇರ್‌ನದು, 2018ರಲ್ಲಿ ಬಂತು. ಎರಡೂ ಉಚಿತ. ನಾನು ನಮ್ಮ ಮನೆಯಲ್ಲೂ ಅಕ್ಕಪಕ್ಕದವರ ಮನೆಯಲ್ಲೂ ಇದನ್ನೇ ಹಾಕಿಟ್ಟಿದ್ದೇನೆ, ಯಾವ ತೊಂದರೆಯೂ ಆಗಿಲ್ಲ.

ಪಿಂಗ್ ಬರುತ್ತದೆ, ಡಿಎನ್‌ಎಸ್ಸೂ ಸರಿ ಇದೆ, ಆದರೂ ಎಲ್ಲ ಸೈಟೂ "ನಿಮ್ಮ ಸಂಪರ್ಕ ಸುರಕ್ಷಿತವಲ್ಲ" ಅಂತ ಕೆಂಪು ಗುರುತು ತೋರಿಸುತ್ತವೆ. ನಮ್ಮ ಚಿಕ್ಕಮ್ಮನ ಹಳೇ ಡೆಸ್ಕ್‌ಟಾಪಿಗೆ ಹೀಗಾಗಿತ್ತು. ವೈರಸ್ ಬಂದಿದೆ ಅಂತ ಹೆದರಿ ಫೋನ್ ಮಾಡಿದ್ದರು.

"ಚಿಕ್ಕಮ್ಮ, ಕೆಳಗೆ ಬಲಗಡೆ ಮೂಲೆಯಲ್ಲಿ ತಾರೀಕು ಎಷ್ಟು ತೋರಿಸ್ತಿದೆ ನೋಡು."

"ಜನವರಿ ಒಂದು ಅಂತಿದೆ ಮಾರಾಯ. ಇಸವಿ 2012."

ಅಷ್ಟೇ ವಿಷಯ. ಸೈಟುಗಳಿಗೆ ಒಂದು ಸರ್ಟಿಫಿಕೇಟ್ ಇರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರ್ ಇನ್ನೂ 2012ರಲ್ಲೇ ಇದ್ದೇನೆ ಅಂದುಕೊಂಡರೆ ಇವತ್ತಿನ ಯಾವ ಸರ್ಟಿಫಿಕೇಟನ್ನೂ ಅದು ನಂಬುವುದಿಲ್ಲ. ತಾರೀಕು ಸರಿ ಮಾಡಿದ ತಕ್ಷಣ ಎಲ್ಲ ತೆರೆಯಿತು. ಮಾರನೇ ದಿನ ಮತ್ತೆ ಅದೇ ಕಥೆ. ಕಾರಣ ಮದರ್‌ಬೋರ್ಡಿನ ಮೇಲಿನ ಬಿಲ್ಲೆಯಂಥ ಬ್ಯಾಟರಿ, ಸಿಆರ್ 2032, 3 ವೋಲ್ಟಿನದು. ಕಂಪ್ಯೂಟರಿಗೆ ಕರೆಂಟ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದು. ಚಿಕ್ಕಮ್ಮನ ಮನೆಯಲ್ಲಿ ರಾತ್ರಿ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿ ಮಲಗುತ್ತಾರೆ, ಬ್ಯಾಟರಿ ಸತ್ತಿದ್ದರಿಂದ ಗಡಿಯಾರ ಪ್ರತಿ ರಾತ್ರಿ ಹಿಂದಕ್ಕೆ ಹೋಗುತ್ತಿತ್ತು. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಪಕ್ಕದ ಸಣ್ಣ ಕೊಕ್ಕೆ ಒತ್ತಿದರೆ ಬ್ಯಾಟರಿ ಮೇಲೇಳುತ್ತದೆ. ಪ್ಲಸ್ ಗುರುತು ಮೇಲೆ ಬರುವ ಹಾಗೆ ಹೊಸದನ್ನು ಕೂರಿಸಬೇಕು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಈಗ ಅವರ ಕಂಪ್ಯೂಟರ್ ಚೆನ್ನಾಗಿದೆ.

ಒಂದು ಬ್ರೌಸರಿನಲ್ಲಿ ಬರುತ್ತಿಲ್ಲ, ಬೇರೆ ಆಪುಗಳಲ್ಲಿ ಬರುತ್ತಿದೆ ಅಂದರೆ ಪ್ರಾಕ್ಸಿ ನೋಡಿ. ನೆಟ್ಟನ್ನು ಬೇರೊಂದು ಕಂಪ್ಯೂಟರಿನ ಮೂಲಕ ಸುತ್ತಿಸಿ ತರುವ ಸೆಟ್ಟಿಂಗ್ ಅದು. ಯಾವುದೋ ಉಚಿತ ವಿಪಿಎನ್ ಹಾಕಿ ತೆಗೆದಿದ್ದರೆ ಅದು ಪ್ರಾಕ್ಸಿ ಸೆಟ್ಟಿಂಗನ್ನು ಆನ್ ಇಟ್ಟೇ ಹೋಗಿರುತ್ತದೆ. ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಕ್ಸಿ, ಅಲ್ಲಿ ಆಫ್ ಮಾಡಿ. ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗಲೆಲ್ಲ ವೈಫೈ ಮಾಯವಾಗುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ತೆರೆದು, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಇದ್ಯಾವುದೂ ಆಗದಿದ್ದರೆ ವಿಂಡೋಸಿನದೇ ನೆಟ್‌ವರ್ಕ್ ರೀಸೆಟ್ ಇದೆ. ಅದು ಕಂಪ್ಯೂಟರಿನ ಸೆಟ್ಟಿಂಗನ್ನು ಮಾತ್ರ ಅಳಿಸುತ್ತದೆ, ಬಾಕ್ಸಿನದ್ದಲ್ಲ, ಹಾಗಾಗಿ ಮಾಡಬಹುದು. ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳು ಹೋಗುತ್ತವೆ, ಮೊದಲೇ ಬರೆದುಕೊಂಡಿರಿ.

ಲೈನಿನದ್ದೇ ತೊಂದರೆ ಅಂತ ಖಚಿತವಾದರೆ ಕೇಬಲ್ ಹುಡುಗನಿಗೆ ವಾಟ್ಸಾಪ್ ಮಾಡಿದ್ದಷ್ಟೇ ಸಾಲದು. ಕಂಪನಿಯ ಕಸ್ಟಮರ್ ಕೇರಿಗೆ ಫೋನ್ ಮಾಡಿ ದೂರು ದಾಖಲಿಸಿ, ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಪಡೆಯಿರಿ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರತಿ ದೂರಿಗೂ ಆ ನಂಬರ್ ಕೊಡಬೇಕು. ಅಲ್ಲಿ ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಆಗ ಈ ನಂಬರ್ ಬೇಕೇ ಬೇಕು. ದೂರು ಹೇಳುವಾಗ ಯಾವ ಲೈಟ್ ಹೇಗಿದೆ, ಆರ್‌ಎಕ್ಸ್ ಪವರ್ ಎಷ್ಟು, ಅಕ್ಕಪಕ್ಕದ ಮನೆಯಲ್ಲಿ ಬರುತ್ತಿದೆಯಾ ಇಲ್ಲವಾ, ಈ ಮೂರನ್ನು ಹೇಳಿ. ಮತ್ತೆ ಇನ್ನೊಂದು, ಲೈನಿನ ಹುಡುಗ ಮುಂದಿನ ಸಲ ಮನೆಗೆ ಬಂದಾಗ ನಿಮ್ಮ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವಿಲಾನ್ ನಂಬರ್ ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಂಡು, ಕರೆಂಟ್ ಬಿಲ್ಲು ಇಡುವ ಜಾಗದಲ್ಲೇ ಇಟ್ಟುಕೊಳ್ಳಿ.